ಗುರಮ್ಮನ ಎರಡನೆಯ ತಾಟು
ಭಾಲ್ಕಿಯ ಗುರಮ್ಮನಿಗೆ ಲಿಂಗಪೂಜೆ ಆದಮೇಲೆ ಎರಡು ತಾಟು ಇಡುವ ರೂಢಿ, ಒಂದು ತನಗೆ, ಇನ್ನೊಂದು ಬರುವವರಿಗೆ. ಹೊಸ್ತಿಲು ದಾಟಿದವರೆಲ್ಲ ಅವಳಿಗೆ ಜಂಗಮರೇ. ಅವರು ಉಣ್ಣದೆ ತಾನೊಂದು ತುತ್ತೂ ಮುಟ್ಟುತ್ತಿರಲಿಲ್ಲ. ಯಾರೂ ಬಾರದಿದ್ದರೆ ಸ್ಟೇಷನ್ನಿಗೇ ಹೋಗಿ ರೈಲಿಳಿದವರ ಗಂಟು ಕಸಿದುಕೊಂಡು, "ಉಂಡು ಹೋಗ್ರಿ, ಊರು ಎಲ್ಲಿ ಓಡಿ ಹೋಗ್ತದ?" ಎನ್ನುವಳು. ಬೀದರಿನ ಗಾಡಿ ತಪ್ಪಿಸಿಕೊಂಡವರೆಲ್ಲ ಅವಳ ರೊಟ್ಟಿ ಉಂಡವರೇ ಎಂದು ಓಣಿಯವರು ನಗುತ್ತಿದ್ದರು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುವವರ ಭಯಕ್ಕೆ ಬೀದಿ ಬರಿದಾಯಿತು. ಕತ್ತಿ ಹಿಡಿದ ಕೆಲವರು ನೆರೆಮನೆಯ ಮರಿಯಮಬೀಯನ್ನು ಹುಡುಕುತ್ತ ಬಂದಾಗ, ಅವರಲ್ಲೊಬ್ಬನು ಎರಡು ತಾಟು ಕಂಡು, "ಇನ್ನೊಂದು ಯಾರಿಗೆ?" ಎಂದು ಗದರಿದ. ಜೊತೆಗಿದ್ದ ಊರಿನವನು, "ಬಿಡ್ರೋ, ಈ ಮುದುಕಿದು ದಿನಾ ಇದೇ ಹಾಡು. ನಿಂತ್ರ ನಮಗೂ ಉಣ್ಣಿಸ್ತಾಳ" ಎಂದು ನಕ್ಕು ಎಲ್ಲರನ್ನೂ ಎಳೆದುಕೊಂಡು ಹೋದ. ಗುರಮ್ಮ ಆ ತಾಟನ್ನು ಒಳಕೋಣೆಗೆ ಒಯ್ದು ಜೋಳದ ಚೀಲಗಳ ಹಿಂದೆ ಇಟ್ಟಳು. "ಅಕ್ಕಾ, ಜೀವ ನಡಗ್ತದ, ಹ್ಯಾಂಗ ಉಣ್ಲಿ?" ಎಂದಳು ಅಲ್ಲಿ ಅಡಗಿದ್ದ ಮರಿಯಮಬೀ. "ಉಣ್ಣವ್ವಾ, ನೀ ಉಂಡ್ರೇ ನನ್ನ ಪೂಜಿ ಮುಗೀತದ" ಎಂದು ಗುರಮ್ಮ ಪಕ್ಕದಲ್ಲೇ ಕುಳಿತಳು. "ನನಗೂ ಹಸಿವಿ ಆಗ್ಯಾದ."