ಗುಂಡಿ ಒಂದು ಬಾಕಿ

ನಮ್ಮ ಬೀದಿಯ ಟೈಲರಣ್ಣ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ಕಂಡವರಿಲ್ಲ. ನೀವು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, "ಗುಂಡಿ ಒಂದು ಬಾಕಿ, ನಾಳೆ ಬನ್ನಿ" ಅನ್ನುತ್ತಾನೆ; ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ. ಮಗನಿಗೆಂದು ಹೊಲಿಯಲು ಕೊಟ್ಟ ಅಂಗಿ ಮನೆಗೆ ಬರುವಷ್ಟರಲ್ಲಿ ಅವನ ತಮ್ಮ ಅದನ್ನು ಹಾಕಿಕೊಳ್ಳುವಷ್ಟು ಬೆಳೆದಿರುತ್ತಾನೆ. ಜಗಳಕ್ಕೆ ಹೋದರೆ, "ಸ್ವಲ್ಪ ಇಳಿದುಹೋಗಿದ್ದೀರಲ್ಲ ಸಾರ್" ಎಂದು ಟೇಪು ಹಿಡಿದು ಮತ್ತೆ ಅಳತೆ ತೆಗೆದು ಸಾಗಹಾಕುತ್ತಾನೆ. ನನ್ನ ಬೂದು ಕೋಟಿನ ಬಟ್ಟೆ ಐದು ತಿಂಗಳಿಂದ ಅವನ ಕಪಾಟಿನಲ್ಲಿ ಗೊರಕೆ ಹೊಡೆಯುತ್ತಿತ್ತು. ಹೋದ ವಾರ ಅದರ ಗತಿ ವಿಚಾರಿಸಲು ಹೋಗಿ ನಿಂತಿದ್ದೆ, ಅಷ್ಟರಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರ ನಾಯಿಗೆ ಸ್ಕೂಟರ್ ಬಡಿದು ಹಿಂಗಾಲು ಮುರಿಯಿತು. ಟೈಲರಣ್ಣ ಬರಿಗಾಲಲ್ಲೇ ಓಡಿ, "ಅಳಬೇಡಿ ಅಮ್ಮ, ನಾನಿದ್ದೀನಲ್ಲ" ಎಂದು ತನ್ನ ಮರದ ಸ್ಕೇಲನ್ನೇ ಕಾಲಿಗೆ ಆಸರೆಯಾಗಿ ಕಟ್ಟಿ, ನಾಯಿಯನ್ನು ಎದೆಗವಚಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಧಾವಿಸಿದ. ಅವನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ನಾನು. ಪಟ್ಟಿ ಕಟ್ಟಿದ ಡಾಕ್ಟರು, ಹೊಟ್ಟೆಗೆ ಬಟ್ಟೆಯ ಜೋಲಿ ಹಾಕಿ ಮೇಲಿಂದ ಹಿಡಿದುಕೊಂಡರೆ ನಡೆದೀತು ಎಂದರು. "ನಾಳೆ ಕೊಡ್ತೀನಿ" ಅಂದ ಟೈಲರಣ್ಣ. ನಾನು ಮನಸ್ಸಿನಲ್ಲೇ ನಕ್ಕೆ. ಮರುದಿನ ಬೆಳಿಗ್ಗೆ ನೋಡಿದರೆ, ಆ ನಾಯಿ ಅಜ್ಜಿ ಹಿಡಿದ ಜೋಲಿಯಲ್ಲಿ ಬಾಲ ಅಲ್ಲಾಡಿಸುತ್ತ, ಮೂರೇ ಕಾಲಲ್ಲಿ ಬೀದಿಯನ್ನೇ ಗೆದ್ದ ಠೀವಿಯಿಂದ ಬರುತ್ತಿದೆ! ಅಂಗಡಿಯವರೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟುತ್ತಿದ್ದಾರೆ. ಅದರ ಹೊಟ್ಟೆಯ ಸುತ್ತ ನನ್ನ ಬೂದು ಕೋಟಿನ ಬಟ್ಟೆ. ಬೆನ್ನ ಮೇಲೆ ನಾನೇ ಆರಿಸಿ ಕೊಟ್ಟಿದ್ದ ಆರು ಗುಂಡಿ. ಚಪ್ಪಾಳೆ ತಟ್ಟುತ್ತಲೇ ಎಣಿಸಿ ನೋಡಿದೆ. ಒಂದೂ ಬಾಕಿ ಇರಲಿಲ್ಲ.