ಮಾಸ್ಟ್ರು ಬರೆದುಕೊಂಡ ಅಜ್ಜಿ

ಮಾಸ್ಟ್ರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕೆಂಪು ರಬ್ಬರ್ ಟೊಪ್ಪಿ ಇರುತ್ತಿತ್ತು. ಬ್ಯಾಂಕಿನವರು ನೋಟು ಎಣಿಸಲು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಚಹಾ ಕುಡಿಯುವಾಗಲೂ ತೆಗೆಯುತ್ತಿರಲಿಲ್ಲ. "ಅದನ್ನು ತೆಗೆದಿಟ್ಟು ಕುಡಿಯಿರಿ" ಎಂದು ಅವರ ಹೆಂಡತಿ, ನಮ್ಮ ಆಂಟಿ, ಬೈದರೆ, "ತೆಗೆದ್ರೆ ಕೆಲಸ ಬಿಟ್ಟ ಹಾಗೆ ಆಗ್ತದೆ" ಎನ್ನುತ್ತಿದ್ದರು.

ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ ಒಂದೇ ವಿಲ್ಲಾಕ್ಕೆ ಅಡ್ಡಗೋಡೆ ಹಾಕಿ ನಾಲ್ಕು ಮನೆ ಮಾಡಿದ್ದರು. ಕೆಳಗಿನದೊಂದು ಅವರದು, ಅದರ ಮೇಲಿನದು ನಮ್ಮದು. ಉಡುಪಿ ಕಡೆಯ ಕ್ಯಾಥೊಲಿಕರು ಅವರು. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಮಾಸ್ಟ್ರು ಅಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, "ಈಗ ನಾನು ಹೆಂಡತಿ ವೀಸಾದಲ್ಲಿ ಇರುವ ಮನುಷ್ಯ" ಎಂದು ತಮ್ಮನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದರು. ನಾನು ಕುಂದಾಪುರದವಳು, ಸರಕು ಸಾಗಿಸುವ ಕಂಪನಿಯಲ್ಲಿ ಗುಮಾಸ್ತೆ. ಸ್ಕಾಟ್ಲೆಂಡಿನಲ್ಲಿ ಹಳೆಯ ಸ್ಕಾಟ್ಸ್ ಎಂಬ ಭಾಷೆಯೊಂದು ಇತ್ತೆಂದು ನನಗೆ ಗೊತ್ತಾದದ್ದೇ ಅವರಿಂದ.

ನೆರೆಮನೆಯಲ್ಲಿದ್ದ ಸ್ಕಾಟ್ಲೆಂಡಿನ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಎರಡು ಪೆಟ್ಟಿಗೆ ಆ ಭಾಷೆಯ ಹಳೆಯ ಪುಸ್ತಕ ಬಿಟ್ಟುಹೋಗಿದ್ದನಂತೆ. ಯಾವುದೋ ಊರಿನ ನ್ಯಾಯಸಭೆಯ ದಾಖಲೆ, ಯಾರೋ ಪಾದ್ರಿಯ ಪತ್ರ. ಬೇರೆಯವರಾದರೆ ರದ್ದಿಗೆ ಹಾಕುತ್ತಿದ್ದರು. ಮಾಸ್ಟ್ರಿಗೆ ಅದರಲ್ಲಿ 'ಲಿಪ್ಪನ್' ಎಂಬ ಒಂದು ಕ್ರಿಯಾಪದ ಸಿಕ್ಕಿ, ಅದರ ಹುಚ್ಚೇ ಹಿಡಿಯಿತು. ಒಬ್ಬರನ್ನು ನಂಬುವುದು ಎಂಬುದು ಅದರ ಒಂದು ಅರ್ಥ. ನಂಬಿ ತನ್ನ ವಸ್ತುವನ್ನು ಅವರ ಕೈಗೆ ಒಪ್ಪಿಸುವುದು ಇನ್ನೊಂದು. ಬಂದೇ ಬರುತ್ತದೆಂದು ಖಾತ್ರಿಯಿಂದ ಕಾಯುವುದು ಮತ್ತೊಂದು. ಯಾವ ಅರ್ಥ ಯಾವ ಕಾಲದಲ್ಲಿ, ಯಾರ ಬಾಯಲ್ಲಿ ಎಂದು ಒಂದೊಂದು ಪ್ರಯೋಗಕ್ಕೂ ಒಂದೊಂದು ಚೀಟಿ ಬರೆದು ಸಾಲಾಗಿ ಜೋಡಿಸಬೇಕು. ಸ್ಕಾಟ್ಲೆಂಡಿನ ಪದಪ್ರಿಯರು ನಡೆಸುವ ಸಣ್ಣ ಪತ್ರಿಕೆಯೊಂದಕ್ಕೆ ಈ ಪದದ ಚರಿತ್ರೆ ಬರೆಯುವುದು ಅವರ ಆಸೆ.

ಮೂರು ವರ್ಷ ರಜೆಯ ಶುಕ್ರವಾರಗಳನ್ನೆಲ್ಲ ನಾನು ಆ ಚೀಟಿಗಳಿಗೆ ಕೊಟ್ಟೆ. ಮಾಸ್ಟ್ರು ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಷ್ಟರಲ್ಲಿ ಮೇಜಿನ ಮುಂದೆ ಕೂತಿರುತ್ತಿದ್ದೆ. "ನಿಮ್ಮ ಸ್ಕಾಟ್ಲೆಂಡ್ ಶಬ್ದ ಊಟಕ್ಕಿಲ್ಲದ ಉಪ್ಪಿನಕಾಯಿ" ಎಂದು ನನ್ನ ಗಂಡ ನಗುತ್ತಿದ್ದರು. ನಗಲಿ, ನನಗೆ ಅಷ್ಟು ಸುಖ ಬೇರೆಲ್ಲೂ ಸಿಕ್ಕಿರಲಿಲ್ಲ. ಆಫೀಸಿನಲ್ಲಿ ನನ್ನ ಬುದ್ಧಿಯನ್ನು ಯಾರೂ ಕೇಳಿದವರಲ್ಲ. ಮಾಸ್ಟ್ರು ಮಾತ್ರ, "ನಿನಗೆ ಎಂತ ಕಾಣ್ತದೆ, ಹೇಳು" ಎಂದು ಕೇಳಿ, ಹೇಳಿ ಮುಗಿಸುವವರೆಗೂ ಸುಮ್ಮನೆ ಕೂರುತ್ತಿದ್ದರು.

ಒಂದು ಶುಕ್ರವಾರ ನಾನು, "ಇದು ನಮ್ಮ 'ನೆಚ್ಚು' ಅಲ್ವಾ ಮಾಸ್ಟ್ರೇ?" ಎಂದೆ. ಈಗ ನೆಚ್ಚಿನ ನಟ, ನೆಚ್ಚಿನ ತಿಂಡಿ ಎನ್ನುತ್ತೇವೆ. ನನ್ನ ಅಮ್ಮಮ್ಮ, ಎಂದರೆ ತಾಯಿಯ ತಾಯಿ, ಆ ಮಾತಾಡಿದರೆ ಅದರ ತೂಕವೇ ಬೇರೆ, ನಂಬಿ ತನ್ನನ್ನೇ ಒಪ್ಪಿಸಿಕೊಂಡ ಹಾಗೆ. ಅವಳ ಮಾತೊಂದನ್ನು ಚೀಟಿಯಲ್ಲಿ ಬರೆದುಕೊಟ್ಟೆ: "ದೋಣಿ ನೆಚ್ಕಂಡ್ ಹೊಳಿ ದಾಂಟುದಲ್ಲ ಮಗಾ, ದೋಣಿಯವ್ನ ನೆಚ್ಕಂಡ್ ದಾಂಟುದ್."

ಮಾಸ್ಟ್ರು ಚೀಟಿಯನ್ನು ಎರಡು ಸಲ ಓದಿ ಹಿಂದಕ್ಕೆ ತಳ್ಳಿದರು. "ಯಾರು ಹೇಳಿದ್ದು? ಯಾರಿಗೆ? ಎಲ್ಲಿ? ಹೇಳಿದವರ ಹೆಸರಿಲ್ಲದ ಮಾತು ಕದ್ದ ಮಾಲು, ಮಾರಾಯ್ತಿ. ಸರಿಯಾಗಿ ಬರೆ."

ನಾಚಿಕೆಯಾಯಿತು. ಊರಿಗೆ ಫೋನ್ ಮಾಡಿ ಅಮ್ಮನಲ್ಲಿ ಕೇಳಿ, ಅಮ್ಮಮ್ಮನ ಹೆಸರು, ಗಂಗೊಳ್ಳಿಯಲ್ಲಿ ದೋಣಿ ಹತ್ತುವ ಕಡವು, ಆಗ ನನಗೆಷ್ಟು ವಯಸ್ಸು, ಎಲ್ಲ ಬರೆದುಕೊಟ್ಟೆ. ಮಾಸ್ಟ್ರು ತಲೆದೂಗಿ, "ಬರಹದಲ್ಲಿ ನಮ್ಮಿಬ್ಬರ ಹೆಸರೂ ಇರ್ತದೆ. ಖಲಾಸ್" ಎಂದರು.

ಬರಹ ಅಚ್ಚಾದ ಪತ್ರಿಕೆ ಅಂಚೆಯಲ್ಲಿ ಬಂತು. ಅವರು ಬಚ್ಚಲಿನಲ್ಲಿದ್ದಾಗ ಮೇಜಿನ ಮೇಲಿದ್ದುದನ್ನು ನಾನೇ ತೆರೆದೆ. ಹೆಸರು ಅವರದೊಂದೇ. ಸುಳ್ಳೇಕೆ, ಚುಚ್ಚಿತು. ಆದರೂ ಹಿರಿಯರು, ಹೋಗಲಿ ಎಂದುಕೊಂಡೆ. ಪುಟ ತಿರುಗಿಸಿದರೆ ದೋಣಿಯವನ ಮಾತು ಅಲ್ಲಿತ್ತು, ಇಂಗ್ಲಿಷಿನಲ್ಲಿ. ಹೇಳಿದವರು: 'ನನ್ನ ಅಜ್ಜಿ.' ಕೇಳಿದವನು: ಏಳು ವರ್ಷದ ಹುಡುಗ, ಎಂದರೆ ಮಾಸ್ಟ್ರು.

ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಎಷ್ಟೋ ಸಲ ಹೇಳಿದ್ದೆ, ಆವತ್ತು ಕಂಡೆ. ಅವರು ತಲೆ ಒರೆಸಿಕೊಳ್ಳುತ್ತ ಬಂದವರು, ನನ್ನ ಮುಖ ನೋಡಿ ಅಲ್ಲೇ ನಿಂತರು.

"ನಾನು ಬೆಳೆದದ್ದು ಅನಾಥಾಲಯದಲ್ಲಿ" ಎಂದರು. "ಅಜ್ಜಿ ಅಂದ್ರೆ ಹೇಗಿರ್ತಾಳೆ ಅಂತ್ಲೇ ಗೊತ್ತಿಲ್ಲ ನನಗೆ. ಬರೀತಾ ಬರೀತಾ 'ನನ್ನ ಅಜ್ಜಿ' ಅಂತ ಬಂತು. ಆಮೇಲೆ ಹೊಡೆದು ಹಾಕ್ಲಿಕ್ಕೆ ಮನಸ್ಸಾಗ್ಲಿಲ್ಲ."

"ನನ್ನ ಹತ್ರ ಕೇಳ್ಬಹುದಿತ್ತಲ್ಲ ಮಾಸ್ಟ್ರೇ?"

"ಕೇಳಿದ್ರೆ ನೀನು ಕೊಡ್ತಿದ್ದೆ. ಆಗ್ಲೂ ಅವಳು ನಿನ್ನ ಅಜ್ಜಿಯೇ ಆಗಿರ್ತಿದ್ದಳು."

ಆ ಉತ್ತರಕ್ಕೆ ಕರಗಬೇಕಿತ್ತೋ ಏನೋ, ನಾನು ಕರಗಲಿಲ್ಲ. ಪಾಪ ಅನಿಸಿತು, ಅಸಹ್ಯವೂ ಆಯಿತು. ಅಮ್ಮಮ್ಮ ಬಿಟ್ಟುಹೋದದ್ದು ಆಸ್ತಿಯಲ್ಲ, ಒಡವೆಯಲ್ಲ. ಹೀಗೆ ನಾಲ್ಕು ಮಾತು. ಅದರಲ್ಲೊಂದನ್ನು ಅವರ ಕೈಗೆ ಒಪ್ಪಿಸಿದ್ದೆ. "ಮುಂದಿನ ಸಂಚಿಕೆಯಲ್ಲಿ ತಿದ್ದಿಸಿ" ಎಂದು ಹೇಳಿ ಮೆಟ್ಟಿಲು ಹತ್ತಿದೆ. ಮತ್ತೆ ಇಳಿಯಲಿಲ್ಲ. ಎರಡು ತಿಂಗಳಲ್ಲಿ ನಾವು ದೋಹಾದಲ್ಲೇ ಮದೀನತ್ ಖಲೀಫಾ ಬಡಾವಣೆಗೆ ಮನೆ ಬದಲಿಸಿದೆವು. ತಿದ್ದುಪಡಿ ಬರಲೇ ಇಲ್ಲ.

ಈಗಲೂ ಯಾವುದಾದರೂ ಒಳ್ಳೆಯ ಮಾತು ಕೇಳಿದರೆ, ಹೇಳಿದವರು ಯಾರು, ಯಾರಿಗೆ, ಎಲ್ಲಿ ಎಂದು ಬರೆದಿಟ್ಟುಕೊಳ್ಳುತ್ತೇನೆ. ಈ ಅಭ್ಯಾಸ ಮಾಸ್ಟ್ರು ಕೊಟ್ಟದ್ದು. ಅವರನ್ನು ನೆನೆದಾಗ ಸಿಟ್ಟು ಬರುವುದೂ ಇದೇ ಕಾರಣಕ್ಕೆ. ಕಲಿಸಿದವರು ಹೀಗೆ ಮಾಡಿದರೆ, ಬೈಯಲು ಬಳಸುವ 'ಕದ್ದ ಮಾಲು' ಎಂಬ ಮಾತನ್ನೂ ಅವರಿಂದಲೇ ಕಲಿತಿರುತ್ತೇವೆ.

ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮಾಸ್ಟ್ರು ಹೃದಯಾಘಾತವಾಗಿ ಹೋದರು. ಸುದ್ದಿ ಕೇಳಿ ಅತ್ತೆನಾದರೂ ಸಿಟ್ಟು ಇಳಿದಿರಲಿಲ್ಲ. ಆಂಟಿಯನ್ನು ಮಾತಾಡಿಸಲು ಹೋದಾಗ ಮನೆ ತುಂಬ ಜನ. ಅವರು ನನ್ನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಅವರ ಕೈಯಲ್ಲಿ ಆ ಪತ್ರಿಕೆ ಇತ್ತು.

"ಇವರಿಗೆ ಯಾರೂ ಇರ್ಲಿಲ್ಲ ಅಂತ್ಲೇ ನಾನು ತಿಳ್ಕೊಂಡದ್ದು. ಮೂವತ್ತೊಂದು ವರ್ಷ ಸಂಸಾರ ಮಾಡಿದೆ. ಇದ್ರಲ್ಲಿ ನೋಡಿದ್ರೆ ಅಜ್ಜಿ ಇದ್ದಾಳೆ! ನನ್ನ ಹತ್ರ ಒಂದು ದಿನ ಹೇಳ್ಲಿಲ್ಲ. ನನ್ನಿಂದ ಯಾಕೆ ಮುಚ್ಚಿಟ್ರು?" ಎಂದು ನನ್ನ ಕೈ ಹಿಡಿದರು. "ನೀನು ಅಷ್ಟು ದಿನ ಜೊತೆಗೆ ಕೂತವಳು. ನಿನ್ನ ಹತ್ರ ಹೇಳಿದ್ರಾ?"

ನಿಜ ಹೇಳಲೆಂದೇ ಬಾಯಿ ತೆರೆದೆ. ಗಂಡ ಸತ್ತು ಮೂರು ದಿನವಾಗಿತ್ತು ಅವರಿಗೆ.

"ಹೇಳಿದ್ರು ಆಂಟಿ, ಒಂದೇ ಸಲ. ಅವಳ ಮಾತೆತ್ತಿದ್ರೆ ಅಳು ಬರ್ತದೆ ಅಂದ್ರು, ಅದಕ್ಕೇ ನಿಮ್ಮ ಹತ್ರ ಹೇಳಿರ್ಲಿಕ್ಕಿಲ್ಲ."

"ಹೇಗಿದ್ದಳಂತೆ?"

"ಉಪ್ಪುನೀರಲ್ಲಿ ನಡೆದು ಹಿಮ್ಮಡಿ ಎಲ್ಲ ಒಡೆದಿತ್ತಂತೆ. ದೋಣಿಯಿಂದ ಇಳಿಯುವಾಗ ಯಾರ ಕೈಯನ್ನೂ ಹಿಡೀತಿರ್ಲಿಲ್ಲವಂತೆ. ಮೊಮ್ಮಗನಿಗೆ ಮೊದಲ ತುತ್ತು ಕೊಟ್ಟೇ ತಾನು ಉಣ್ತಿದ್ದದ್ದಂತೆ."

ಆಂಟಿ ಅಳುತ್ತಲೇ ನಕ್ಕರು. ಮೊಮ್ಮಗಳಿಗೆ ಎನ್ನಬೇಕಾದಲ್ಲಿ ಮೊಮ್ಮಗನಿಗೆ ಎಂದದ್ದು ಈ ಸಲ ಮಾಸ್ಟ್ರಲ್ಲ, ನಾನು.