ತಳದ ಕೆಂಪು ಬರಹ

ನಮ್ಮತ್ತಿ ನೀಲವ್ವನ ಜಪಾನಿ ಹೂದಾನಿಗಳು ಹಾಳಾದದ್ದು ಲಡಾಯಿಯಿಂದಲ್ಲ, ಆಕೆಯ ಬಾಯಿಂದ. ಒಂದು ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದವು. ಹೇಳಲಿಲ್ಲ. ಆಕೆಯ ಸೊಸೆ ನಾನು; ನಾನಾಗಿದ್ದರೂ ಹೇಳುತ್ತಿರಲಿಲ್ಲ.

ಗೋಕಾಕದಲ್ಲಿದ್ದ ಸಾಹೇಬರು ವಿಲಾಯತಿಗೆ ಹೊರಟಾಗ ಮನೆ ಸಾಮಾನು ಮಾರಿ ಹೋಗುವರು. ಸುದ್ದಿ ಬಂದರೆ ಸಾಕು, ಅತ್ತಿ ಹುಕ್ಕೇರಿಯಿಂದ ಚಕ್ಕಡಿ ಹೂಡಿಸುವಳು. ಉಳಿದವರು ಕುರ್ಚಿ, ಮಂಚ ನೋಡಿದರೆ ಈಕೆ ಹೂದಾನಿ ಬೋರಲು ಹಾಕಿ ತಳಕ್ಕೆ ನಾಲಿಗೆ ಹಚ್ಚುವಳು.

“ಹೊಸಾದಕ್ಕ ನಾಲಿಗಿ ಜಾರತೈತಿ. ಹಳೇದು ಹಿಡಕೊಂತೈತಿ.”

ಒಮ್ಮೆ ಒಬ್ಬ ಸಾಹೇಬರ ಹೆಂಡತಿ, ಮಡ್ಡಮ್ಮ, ಇದನ್ನು ಕಂಡು ನಕ್ಕಳು. ಅತ್ತಿ ಕನ್ನಡದಲ್ಲೇ ಅಂದಳು: “ನಗವಾ ನಗು. ಇದರಾಗ ಛತ್ರಿ ಇಟ್ಟಾಕಿ ನೀ!”

ಹೀಗೆ ಏಳು ಕೂಡಿದವು. ದೊಡ್ಡದರ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು, ಗಡ್ಡದ ಮುದುಕರು, ತಲೆಯ ಹಿಂದೆ ಬಂಗಾರದ ಪ್ರಭೆ. ತಳದಲ್ಲಿ ಕೆಂಪಿರುವೆ ಸಾಲಿನಂಥ ಬರಹ. ಓಣಿಯ ಹೆಂಗಸರು ಶರಣರೆಂದು ವಿಭೂತಿ ಹಚ್ಚಿ ಹೋಗುವರು. ಅತ್ತಿ ಸೆರಗಿನಿಂದ ಒರೆಸುವಳು.

“ಇವರು ಜಪಾನದ ಮುದುಕರವಾ. ಕೈ ಮುಗೀಬ್ಯಾಡ್ರಿ, ಕಣ್ಣು ತೆರದು ನೋಡ್ರಿ.”

ಮಾವ ತೀರಿದ ಮೇಲೆ ಮನೆ ಅವರ ತಮ್ಮ, ನಮ್ಮ ಸಣ್ಣ ಮಾವನ ಕೈಗೆ ಬಂತು. ಸರಕಾರದ ಕುದುರೆಗಳಿಗೆ ಹುಲ್ಲು ಒದಗಿಸುವ ಗುತ್ತಿಗೆ ಅವನದು. ಜಪಾನದವರ ಜೋಡಿ ಲಡಾಯಿ ಶುರುವಾದಾಗ ಅವನಿಗೆ ಜೀವ ಬಾಯಿಗೆ ಬಂತು: ಮನೆಯಲ್ಲಿ ವೈರಿಗಳ ಸಾಮಾನು ಕಂಡರೆ ಗುತ್ತಿಗೆ ಹೋದೀತು. ಮಸೆಗಲ್ಲು ಹಿಡಿದು ಬಂದ.

“ವೈನೀ, ತಳದ ಬರಹ ತಿಕ್ಕಿ ತಗೀತೇನಿ. ವಿಭೂತಿ ಎಳದು ದೇವರ ಜಗಲಿ ಮ್ಯಾಲ ಇಡ್ರಿ. ಯಾರರ ಕೇಳಿದ್ರ ಶರಣರು ಅನ್ರಿ. ಮುಗೀತು.”

“ಮಾಡಿದಾಂವ ತನ್ನ ಹೆಸರು ಬರದಾನ. ಅಳಸಾಕ ನೀ ಯಾಂವ?”

“ಹಂಗಾರ ಒಡೀತೇನಿ!”

“ಒಡಿ. ಮೈದುನ ಒಡದಾ ಅಂತ ಊರಿಗೆಲ್ಲ ಹೇಳತೇನಿ. ಶರಣರಂತ ಮಾತ್ರ ಹೇಳಂಗಿಲ್ಲ.”

ಅಂಗಳದ ಒಗೆಯುವ ಕಲ್ಲಿಗೆ ಏಳನ್ನೂ ಅಪ್ಪಳಿಸಿದ. ಅತ್ತಿ ನಿಂತು ನೋಡಿದಳು. ಆಮೇಲೆ ಎರಡು ಸೀರೆ ಗಂಟು ಕಟ್ಟಿ ತವರೂರು ಕಲ್ಲೋಳಿಗೆ ಹೊರಟಳು. ನಾನು ಬಾಗಿಲಲ್ಲಿ ಅಳುತ್ತಿದ್ದೆ.

“ಯಾಕ ಅಳತಿ? ದೊಡ್ಡದರ ತಳ ಒಡದಿಲ್ಲ ನೋಡು,” ಅಂದಳು.

ತಿರುಗಿ ಬರಲಿಲ್ಲ. ಕಲ್ಲೋಳಿಯಲ್ಲೇ ಮಣ್ಣಾದಳು.

ಆಕೆ ಹೋದ ಮರುದಿನ ಮುಂಜಾನೆ ಆ ತಳವನ್ನು ಹುಣಸೆಹಣ್ಣು ಹಚ್ಚಿ ತೊಳೆದೆ. ಬೋರಲು ಹಾಕಿದರೆ ಅಂಚಿದ್ದ ಪುಟ್ಟ ತಾಟಿನಂತಿತ್ತು. ಅದರಲ್ಲಿ ಶೇಂಗಾ ಚಟ್ನಿ ತುಂಬಿ ಸಣ್ಣ ಮಾವನ ರೊಟ್ಟಿಯ ಬಾಜೂ ಇಟ್ಟೆ. ನಾಲ್ಕು ತುತ್ತಿಗೆ ಚಟ್ನಿ ಸರಿಯಿತು, ಕೆಂಪು ಬರಹ ಮೇಲೆದ್ದಿತು. ಅವನ ಕೈ ನಿಂತಿತು.

“ಇದೇನಿದು?”

“ಜಪಾನಿಂದ್ರಿ, ಮಾವಾರ,” ಅಂದೆ. “ಇನ್ನೊಂದೀಟು ಚಟ್ನಿ ಹಾಕ್ಲಿ?”